ಮನೆಯಲ್ಲಿ ಜಿಂಜರ್ ಬಿಯರ್: ಯಾವ ಸಾಮಾನು ಬೇಕೇ ಬೇಕು, ಯಾವುದು ಇಲ್ಲದಿದ್ದರೂ ನಡೆಯುತ್ತೆ?

ಹಾಸನದ ಸುತ್ತಮುತ್ತ ಶುಂಠಿಗೆ ಬರವಿಲ್ಲ. ಆಲೂರು, ಬೇಲೂರು, ಅರಕಲಗೂಡು, ಸಕಲೇಶಪುರ, ಎಲ್ಲಿ ಹೋದರೂ ಒಂದಲ್ಲ ಒಂದು ಹೊಲದಲ್ಲಿ ಶುಂಠಿ ಇದ್ದೇ ಇರುತ್ತದೆ. ಆ ಶುಂಠಿಯಲ್ಲಿ ಒಂದು ಹಿಡಿ ತಂದು, ಸಕ್ಕರೆ ನಿಂಬೆಹಣ್ಣು ಸೇರಿಸಿ, ಹುದುಗು ಬರಿಸಿದರೆ ನೊರೆಯುಕ್ಕುವ ಜಿಂಜರ್ ಬಿಯರ್ ಸಿಗುತ್ತದೆ. ಇದನ್ನು ಮಾಡ್ತೀನಿ ಅಂತ ಹೇಳಿದಾಗಲೆಲ್ಲ ಜನ ಮೊದಲು ಕೇಳೋದು ಅಳತೆಯನ್ನಲ್ಲ, "ಏನೇನು ಸಾಮಾನು ತಗೋಬೇಕು?" ಅಂತ. ಆನ್‌ಲೈನ್‌ನಲ್ಲಿ ಕಾಣುವ ಹೊಳೆಯುವ ಕಿಟ್ ನೋಡಿ ಕೈ ಹಾಕುವ ಮೊದಲು ಇದನ್ನು ಓದಿ.

ಜಿಂಜರ್ ಬಿಯರ್ ಅಂದ್ರೆ ಬಿಯರ್ರೇನಾ? ಮತ್ತು ಬರುತ್ತಾ?

ಇದರಲ್ಲಿ ಬಾರ್ಲಿಯೂ ಇಲ್ಲ, ಬಿಯರಿಗೆ ಕಹಿ ಮತ್ತು ಪರಿಮಳ ಕೊಡುವ ಹಾಪ್ಸ್ ಹೂವೂ ಇಲ್ಲ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಶುರುವಾದ ಪಾನೀಯ. ಆಗ ಅದರಲ್ಲಿ ಮತ್ತು ಬರುವಷ್ಟು ಆಲ್ಕೋಹಾಲ್ ಇರುತ್ತಿತ್ತು. ಈಗ ಅಂಗಡಿಯಲ್ಲಿ ಸಿಗುವ ಬಹುಪಾಲು ಬಾಟಲಿಗಳು ಶುಂಠಿ ರುಚಿಯ ಸೋಡಾ ಅಷ್ಟೇ.

ಮನೆಯಲ್ಲಿ ಮಾಡುವುದು ಇವೆರಡರ ನಡುವೆ ನಿಲ್ಲುತ್ತದೆ. ಯೀಸ್ಟ್ ಸಕ್ಕರೆ ತಿಂದು ಗ್ಯಾಸ್ ಬಿಡುತ್ತದೆ, ಅದರ ಜೊತೆಗೇ ಆಲ್ಕೋಹಾಲನ್ನೂ ಮಾಡುತ್ತದೆ. ಒಂದನ್ನು ಬಿಟ್ಟು ಇನ್ನೊಂದು ಬರುವುದಿಲ್ಲ. ಲೀಟರಿಗೆ ಸುಮಾರು 10 ಗ್ರಾಂ ಸಕ್ಕರೆಯನ್ನು ಯೀಸ್ಟ್ ತಿಂದರೆ ಚೆನ್ನಾಗಿ ಗುಳ್ಳೆ ಬರುವಷ್ಟು ಗ್ಯಾಸ್ ಆಗುತ್ತದೆ, ಆಲ್ಕೋಹಾಲ್ ಅರ್ಧ ಪರ್ಸೆಂಟಿನ ಆಸುಪಾಸಿಗೆ ಬರುತ್ತದೆ. ನಮ್ಮ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದಲ್ಲೂ 0.5 ಪರ್ಸೆಂಟ್ ದಾಟಿದರೆ ಅದು ಆಲ್ಕೋಹಾಲ್ ಇರುವ ಪಾನೀಯ. ಹಾಗಾಗಿ ಒಂದೆರಡು ದಿನ ಹೊರಗಿಟ್ಟು ಫ್ರಿಡ್ಜಿಗೆ ಸೇರಿಸಬೇಕು. ಹೊರಗೇ ಬಿಟ್ಟರೆ ಏರುತ್ತಲೇ ಹೋಗುತ್ತದೆ. ಒಂದು ಹನಿಯೂ ಬೇಡ ಅನ್ನುವವರಿಗೆ, ಗರ್ಭಿಣಿಯರಿಗೆ, ಮಕ್ಕಳಿಗೆ ಸುಮ್ನೆ "ಶುಂಠಿ ಜ್ಯೂಸು" ಅಂತ ಹೇಳಿ ಕೊಡಬೇಡಿ.

ಏನೂ ಕೊಳ್ಳದೆ ಶುರು ಮಾಡಬೇಕು. ಕನಿಷ್ಠ ಏನು ಬೇಕು?

ಅರ್ಧ ಲೀಟರಿನ ಒಂದು ಗಾಜಿನ ಜಾಡಿ, ಮೂರು ಲೀಟರ್ ಹಿಡಿಯುವ ಸ್ಟೀಲ್ ಪಾತ್ರೆ, ಜರಡಿ ಮತ್ತು ತೆಳು ಬಟ್ಟೆ, ಒಂದು ಆಲಿಕೆ, ಸೋಡಾ ಅಥವಾ ಕೋಲಾ ಬಂದಿದ್ದ ಪ್ಲಾಸ್ಟಿಕ್ ಬಾಟಲಿ ಎರಡು ಮೂರು, ಮತ್ತೆ ಫ್ರಿಡ್ಜು. ಫ್ರಿಡ್ಜನ್ನು ಸಾಮಾನಿನ ಲೆಕ್ಕಕ್ಕೆ ಸೇರಿಸುವವರು ಕಡಿಮೆ. ಆದರೆ ಹುದುಗನ್ನು ಹೇಳಿದ ಕಡೆ ನಿಲ್ಲಿಸುವ ಸಾಧನ ನಿಮ್ಮ ಮನೆಯಲ್ಲಿ ಇರುವುದು ಅದೊಂದೇ. ಅದಿಲ್ಲದಿದ್ದರೆ ಈ ಕೆಲಸಕ್ಕೆ ಇಳಿಯಬೇಡಿ ಅಂತಲೇ ಹೇಳುತ್ತೇನೆ.

ಅಳತೆ ಹೀಗಿದೆ. ಎರಡು ಲೀಟರ್ ನೀರಿಗೆ 50-60 ಗ್ರಾಂ ತುರಿದ ಶುಂಠಿ, 150 ಗ್ರಾಂ ಸಕ್ಕರೆ, ಎರಡು ನಿಂಬೆಹಣ್ಣು. ಶುಂಠಿ ಸಕ್ಕರೆ ಹಾಕಿ ಹತ್ತು ನಿಮಿಷ ಕುದಿಸಿ. ಪೂರ್ತಿ ಆರಿದ ಮೇಲೆ ಸೋಸಿ, ನಿಂಬೆರಸ ಹಿಂಡಿ, ಅರ್ಧ ಲೋಟ ಶುಂಠಿ ಹೆಪ್ಪು ಬೆರೆಸಿ. ಬಿಸಿ ಇರುವಾಗಲೇ ಹೆಪ್ಪು ಹಾಕಿದರೆ ಯೀಸ್ಟ್ ಸಾಯುತ್ತದೆ. ಆಮೇಲೆ ಬಾಟಲಿಗೆ.

ಹೆಪ್ಪು ಅಂದ್ರೆ? ಅದಕ್ಕೆ ಬೇರೆ ಪಾತ್ರೆ ಬೇಕಾ?

ಗಾಜಿನ ಜಾಡಿಯಲ್ಲಿ ಒಂದು ಲೋಟ ನೀರು, ಸಿಪ್ಪೆ ಸಮೇತ ತುರಿದ ಶುಂಠಿ ಒಂದು ಚಮಚ, ಸಕ್ಕರೆ ಒಂದು ಚಮಚ. ಬಾಯಿಗೆ ಬಟ್ಟೆ ಕಟ್ಟಿ ಇಡಿ. ದಿನಾ ಅಷ್ಟಷ್ಟೇ ಶುಂಠಿ ಸಕ್ಕರೆ ಹಾಕಿ ಕಲಕುತ್ತಾ ಬಂದರೆ ಐದರಿಂದ ಏಳು ದಿನದಲ್ಲಿ ಮೇಲೆ ನೊರೆ ಕಟ್ಟುತ್ತದೆ. ಜಾಡಿಗೆ ಕಿವಿ ಕೊಟ್ಟರೆ ಸಣ್ಣಗೆ ಚರಚರ ಸದ್ದು ಕೇಳುತ್ತದೆ. ಶುಂಠಿ ಸಿಪ್ಪೆಯ ಮೇಲೇ ಇರುವ ಯೀಸ್ಟು, ಬ್ಯಾಕ್ಟೀರಿಯಾಗಳ ಕೆಲಸ ಅದು.

ಇಂಗ್ಲೆಂಡಿನ ಮನೆಗಳಲ್ಲಿ ಹಿಂದೆ ಇದರ ಬದಲು ಸಾಬಕ್ಕಿಯಂಥ ಗಟ್ಟಿ ಹರಳು ಹರಳಾದ ಹೆಪ್ಪನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಅದರೊಳಗೆ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಎರಡೂ ಒಟ್ಟಿಗೆ ಬದುಕುತ್ತವೆ ಅಂತ 1892ರಲ್ಲಿ ತೋರಿಸಿದವರು ಸಸ್ಯವಿಜ್ಞಾನಿ ಹ್ಯಾರಿ ಮಾರ್ಷಲ್ ವಾರ್ಡ್. ಕಾಫಿ ತೋಟದವರಿಗೆ ಇವರು ಬೇರೆ ಕಾರಣಕ್ಕೆ ಗೊತ್ತಿರಬೇಕು. 1880ರ ಹೊತ್ತಿಗೆ ಸಿಲೋನಿಗೆ ಹೋಗಿ ಕಾಫಿ ಎಲೆ ತುಕ್ಕು ರೋಗದ ಬಗ್ಗೆ ಅಧ್ಯಯನ ಮಾಡಿದ್ದೂ ಇವರೇ.

ಒಂದು ವಾರ ಆದರೂ ಹೆಪ್ಪು ಏಳುತ್ತಿಲ್ಲ. ಜಾಡಿ ಸರಿ ಇಲ್ವಾ?

ಜಾಡಿಯನ್ನು ಬೈಯುವ ಮೊದಲು ಶುಂಠಿ ಎಲ್ಲಿಂದ ಬಂತು ನೋಡಿ. ಬಿತ್ತನೆಗೆ ಇಟ್ಟ ಶುಂಠಿ ತಂದಿದ್ದರೆ ಅಲ್ಲೇ ಕೆಟ್ಟಿತು. ಕೊಳೆ ರೋಗ ಬಾರದಿರಲಿ ಅಂತ ಅದನ್ನು ಮ್ಯಾಂಕೋಜೆಬ್‌ನಂಥ ಔಷಧಿಯಲ್ಲಿ ಅದ್ದಿರುತ್ತಾರೆ. ಯೀಸ್ಟೂ ಒಂದು ಶಿಲೀಂಧ್ರವೇ, ಆ ಔಷಧಿಯಲ್ಲಿ ಅದು ಬದುಕುವುದು ಕಷ್ಟ. ಅದಕ್ಕಿಂತ ಮುಖ್ಯ, ಅಂಥ ಶುಂಠಿ ನಿಮ್ಮ ಹೊಟ್ಟೆಗೆ ಹೋಗಲೇಬಾರದು. ಏಪ್ರಿಲ್, ಮೇ ಬಿತ್ತನೆ ಸಮಯದಲ್ಲಿ ಯಾರಾದರೂ ಉಳಿದ ಶುಂಠಿ ಕೊಟ್ಟರೆ ಕೇಳಿಯೇ ತಗೊಳ್ಳಿ.

ಇನ್ನೊಂದು ಕಾರಣ ನಲ್ಲಿ ನೀರಿನ ಕ್ಲೋರಿನ್. ಕುದಿಸಿ ಆರಿಸಿದ ನೀರು ಬಳಸಿದರೆ ಆ ತಲೆನೋವಿಲ್ಲ. ತಳಿ ಯಾವುದಾದರೂ ಆಗುತ್ತದೆ. ರಿಗೋಡಿಯಲ್ಲಿ ರಸ ಜಾಸ್ತಿ.

ಯಾವ ಬಾಟಲಿಗೆ ತುಂಬಬೇಕು? ಒಡೆಯುತ್ತೆ ಅಂತ ಕೇಳಿದ್ದೀನಿ.

ನಿಜ, ಒಡೆಯುತ್ತದೆ. ದುಡ್ಡು, ಗಮನ ಎರಡನ್ನೂ ಸುರಿಯಬೇಕಾದ ಜಾಗ ಇದೇ. ನಮ್ಮ ಅಳತೆಯಲ್ಲಿ ಲೀಟರಿಗೆ 75 ಗ್ರಾಂ ಸಕ್ಕರೆ ಇದೆ. ಗುಳ್ಳೆಗೆ ಬೇಕಾಗಿದ್ದು 10 ಗ್ರಾಂ. ಉಳಿದದ್ದು ಸಿಹಿಗೆ. ಬಾಟಲಿ ಹೊರಗೇ ಉಳಿದರೆ ಯೀಸ್ಟ್ ಆ ಉಳಿದದ್ದನ್ನೂ ತಿನ್ನುತ್ತದೆ, ಒತ್ತಡ ಏರುತ್ತದೆ. ಗಾಜು ಒಡೆದರೆ ಚೂರು ಗೋಡೆಗೆ ನೆಡುತ್ತದೆ, ಕಣ್ಣಿಗೂ ನೆಡಬಹುದು.

ಹೊಸಬರಿಗೆ ನನ್ನ ಮಾತು ಒಂದೇ: ಮೊದಲು ಪ್ಲಾಸ್ಟಿಕ್. ಅದರಲ್ಲೂ ಸೋಡಾ ಬಂದ ಬಾಟಲಿ. ತಿರುಗಿಸಿ ತಳ ನೋಡಿ. ಐದು ಕಾಲಿನ ಹೂವಿನ ಹಾಗೆ ಉಬ್ಬು ತಗ್ಗು ಇದ್ದರೆ ಅದು ಒತ್ತಡ ತಡೆಯಲೆಂದೇ ಮಾಡಿದ್ದು. ಕುಡಿಯುವ ನೀರಿನ ಬಾಟಲಿಗೆ ಈ ತಳ ಇರುವುದಿಲ್ಲ, ಗೋಡೆಯೂ ತೆಳು. ಅದು ಬೇಡ. ತುಂಬುವಾಗ ಮೇಲೆ ಎರಡು ಬೆರಳು ಜಾಗ ಬಿಡಿ. ಬಾಟಲಿಯನ್ನು ಸ್ವಲ್ಪ ಅದುಮಿ, ಗಾಳಿ ಹೊರಗೆ ಹಾಕಿ, ಮುಚ್ಚಳ ತಿರುಗಿಸಿ. ಅದುಮಿದ ಬಾಟಲಿ ತಾನಾಗಿ ಉಬ್ಬುತ್ತಾ ಬರುತ್ತದೆ. ಹೆಬ್ಬೆರಳಿಂದ ಒತ್ತಿದರೆ ಒಂಚೂರೂ ತಗ್ಗಲಿಲ್ಲ ಅಂದ್ರೆ ಆಯ್ತು, ಫ್ರಿಡ್ಜಿಗೆ ಇಡಿ. ಯಾವ ಮೀಟರೂ ಇಷ್ಟು ಸುಲಭವಾಗಿ ಒಳಗಿನ ಸುದ್ದಿ ಹೇಳುವುದಿಲ್ಲ. ಗಾಜಿನ ಬಾಟಲಿ ಈ ಸುಳಿವನ್ನು ಕೊಡುವುದೇ ಇಲ್ಲ.

ಕೈ ಪಳಗಿದ ಮೇಲೆ ಗಾಜು ಬೇಕು ಅನ್ನಿಸಿದರೆ ತಂತಿ ಕ್ಲಿಪ್ಪಿನ ಮುಚ್ಚಳದ ದಪ್ಪ ಬಾಟಲಿ ತಗೊಳ್ಳಿ. ಇದರಲ್ಲೂ ಎರಡು ಥರ ಇದೆ. ಅಲಂಕಾರಕ್ಕೆ ಎಣ್ಣೆ, ಜ್ಯೂಸು ತುಂಬಿಡೋ ಚೌಕಾಕಾರದ್ದು ಒತ್ತಡಕ್ಕೆ ಆಗಿಬರುವುದಿಲ್ಲ. ದುಂಡಗೆ, ಕೈಗೆ ಭಾರ ಅನ್ನಿಸುವಂಥದ್ದು ಬೇಕು. ಗಾಜಿನ ಬಾಟಲಿ ಹೊರಗಿರುವಷ್ಟು ಹೊತ್ತೂ ಮುಚ್ಚಳದ ಬಕೆಟ್ ಒಳಗಿಡಿ. ಒಂದು ಪ್ಲಾಸ್ಟಿಕ್ ಬಾಟಲಿಗೂ ಅದನ್ನೇ ತುಂಬಿ ಪಕ್ಕದಲ್ಲಿಟ್ಟರೆ, ಅದು ಗಟ್ಟಿಯಾದ ಕೂಡಲೇ ಗಾಜಿನದ್ದನ್ನೂ ಫ್ರಿಡ್ಜಿಗೆ ಸಾಗಿಸಬಹುದು.

ಹಳೇ ಗೋಲಿ ಸೋಡಾ ಬಾಟಲಿ ಇದೆ. ಅದಕ್ಕೆ ತುಂಬಬಹುದಾ?

ನೋಡೋಕೆ ಚೆಂದ, ಮನೆಯಲ್ಲಿ ಆಗದ ಕೆಲಸ. ಇಂಗ್ಲೆಂಡಿನ ಹಿರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ಬಾಟಲಿ ಅದು. ಒಳಗಿನ ಗ್ಯಾಸೇ ಗೋಲಿಯನ್ನು ಕತ್ತಿನ ರಬ್ಬರಿಗೆ ಒತ್ತಿ ಹಿಡಿಯುತ್ತದೆ. ಅಂದರೆ ತುಂಬುವಾಗಲೇ ಗ್ಯಾಸ್ ಇರಬೇಕು. ಅದಕ್ಕೇ ಸೋಡಾ ಅಂಗಡಿಯವರು ಮೆಷಿನ್ನಿನಲ್ಲಿ ತಲೆಕೆಳಗು ತಿರುಗಿಸಿ ತುಂಬುತ್ತಿದ್ದರು. ನಮ್ಮ ಶುಂಠಿ ನೀರಿನಲ್ಲಿ ಗ್ಯಾಸ್ ನಿಧಾನವಾಗಿ ಬರುತ್ತದೆ, ಅಲ್ಲಿಯವರೆಗೆ ಗೋಲಿ ಕೆಳಗೆ ಬಿದ್ದಿರುತ್ತದೆ.

ಬಣ್ಣದ ಬಾಟಲಿ ಒಳ್ಳೇದಾ, ಬಿಳಿ ಬಾಟಲಿಯಾ?

ಬಿಯರಿಗೆ ಕಂದು ಬಾಟಲಿ ಬಳಸುವುದು ಬೆಳಕು ಬಿದ್ದರೆ ಹಾಪ್ಸಿನ ವಾಸನೆ ಕೆಡುತ್ತದೆ ಅಂತ. ನಮ್ಮದರಲ್ಲಿ ಹಾಪ್ಸೇ ಇಲ್ಲ. ಒಳಗೆ ಕಾಣುವ ಬಾಟಲಿಯೇ ವಾಸಿ.

ಲಾ ಓದಿದವರಿಗೆ ಇಲ್ಲಿ ಒಂದು ಕೇಸು ನೆನಪಾಗುತ್ತದೆ. 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಊರಿನ ಕೆಫೆಯೊಂದರಲ್ಲಿ ಮೇ ಡೊನಾಹ್ಯೂ ಎಂಬಾಕೆಗೆ ಜಿಂಜರ್ ಬಿಯರ್ ಬಾಟಲಿಯಿಂದ ಕೊಳೆತ ಬಸವನಹುಳು ಬಂತು ಎಂಬ ದೂರು. ಗಾಜು ಕಪ್ಪಗಿದ್ದುದರಿಂದ ಒಳಗೆ ಏನಿದೆ ಅಂತ ಕಾಣುವ ಹಾಗಿರಲಿಲ್ಲ. ತಯಾರಕರಿಗೆ ಗ್ರಾಹಕರ ಬಗ್ಗೆ ಎಚ್ಚರ ವಹಿಸುವ ಹೊಣೆ ಇದೆ ಎಂದು 1932ರಲ್ಲಿ ಬಂದ ಆ ತೀರ್ಪನ್ನು ಇವತ್ತಿಗೂ ನಮ್ಮ ಲಾ ಕಾಲೇಜುಗಳಲ್ಲಿ ಪಾಠ ಮಾಡುತ್ತಾರೆ.

ಅಜ್ಜಿ ಕಾಲದ ಹಿತ್ತಾಳೆ ಪಾತ್ರೆಯಲ್ಲಿ ಕುದಿಸಬಹುದಾ? ಅಲ್ಯೂಮಿನಿಯಂ?

ಬೇಡ. ನಿಂಬೆಹುಳಿ, ಹುದುಗಿನ ಹುಳಿ ಎರಡೂ ಲೋಹವನ್ನು ಕರಗಿಸುತ್ತವೆ. ಕಲಾಯಿ ಹೋದ ಹಿತ್ತಾಳೆ, ತಾಮ್ರ ಅಂತೂ ದೂರವೇ ಇಡಿ. ಸ್ಟೀಲ್ ಸಾಕು.

ಉಪ್ಪಿನಕಾಯಿ ಜಾಡಿ, ಕಾಫಿ ಫಿಲ್ಟರ್?

ಎರಡಕ್ಕೂ ಒಂದೇ ತೊಂದರೆ, ವಾಸನೆ. ಮಾವಿನಕಾಯಿ, ಇಂಗು, ಮೆಂತ್ಯ ಕೂತ ಪಿಂಗಾಣಿ ಜಾಡಿಯನ್ನು ಎಷ್ಟು ಉಜ್ಜಿದರೂ ಘಮ ಹೋಗುವುದಿಲ್ಲ. ಹಳೇ ಜಾಡಿಗಳ ಒಳಗಿನ ಹೊಳಪಿನಲ್ಲಿ ಸೀಸ ಇರುವ ಸಾಧ್ಯತೆಯೂ ಇದೆ, ಹುಳಿ ಪದಾರ್ಥಕ್ಕೆ ಅದು ಒಳ್ಳೇದಲ್ಲ. ಕಾಫಿ ಫಿಲ್ಟರಿನ ತೂತಿನಲ್ಲಿ ಶುಂಠಿ ನಾರು ಸಿಕ್ಕಿಕೊಂಡರೆ ಬೆಳಗಿನ ಕಾಫಿಗೆ ಮನೆಯಲ್ಲಿ ಜಗಳ ಗ್ಯಾರಂಟಿ. ಹಳೇ ಬಿಳಿ ಪಂಚೆಯ ತುಂಡು ಕುದಿಸಿಟ್ಟುಕೊಳ್ಳಿ.

ಯೀಸ್ಟ್ ಪ್ಯಾಕೆಟ್ ತಂದರೆ ಹೆಪ್ಪಿನ ರಗಳೆ ಇಲ್ಲ ಅಲ್ವಾ?

ಇಲ್ಲ. ಬ್ರೆಡ್ಡಿಗೆ ಹಾಕುವ ಒಣ ಯೀಸ್ಟೂ, ಬಿಯರಿನ ಬಹಳಷ್ಟು ಯೀಸ್ಟೂ ಒಂದೇ ಜಾತಿ, ಸ್ಯಾಕರೋಮೈಸಿಸ್ ಸೆರೆವಿಸಿಯೆ. ಬೆಂಗಳೂರಿನ ಗಲ್ಲಿಗಲ್ಲಿಗೂ ಅಯ್ಯಂಗಾರ್ ಬೇಕರಿ ಕೊಟ್ಟ ಜಿಲ್ಲೆ ನಮ್ಮದು, ಯೀಸ್ಟಿಗೆ ಪರದಾಡಬೇಕಾಗಿಲ್ಲ. ಬೇಕರಿ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ.

ಎರಡು ಲೀಟರಿಗೆ ಒಂದು ಚಿಟಿಕೆ ಧಾರಾಳ. ಆದರೆ ಇದು ಜೋರು. ಹೆಪ್ಪು ಎರಡು ದಿನ ತಗೊಂಡರೆ ಇದು ಒಂದೇ ದಿನಕ್ಕೆ ಬಾಟಲಿ ಕಲ್ಲು ಮಾಡುತ್ತದೆ. ರುಚಿಯಲ್ಲಿ ಹೆಪ್ಪೇ ಮೇಲು, ಅದರ ಸಣ್ಣ ಹುಳಿ ಇದಕ್ಕೆ ಬರುವುದಿಲ್ಲ. ಸ್ವಲ್ಪ ಬನ್ನಿನ ವಾಸನೆಯೂ ಉಳಿಯುತ್ತದೆ.

ಏರ್‌ಲಾಕ್ ಬೇಕಾ?

ವಾರಗಟ್ಟಲೆ ಹುದುಗಿಸುವ ಬಿಯರು, ವೈನಿಗೆ ಬೇಕು. ಒಳಗಿನ ಗ್ಯಾಸ್ ನೀರಿನ ಮೂಲಕ ಹೊರಗೆ ಹೋಗುತ್ತದೆ, ಹೊರಗಿನ ಗಾಳಿ ಒಳಗೆ ಬರುವುದಿಲ್ಲ, ಅಷ್ಟೇ ಅದರ ಕೆಲಸ. ನಮ್ಮದು ಒಂದೆರಡು ದಿನದ ವ್ಯವಹಾರ, ಅದೂ ಮುಚ್ಚಿದ ಬಾಟಲಿಯಲ್ಲಿ. ಗ್ಯಾಸ್ ಹೊರಗೆ ಹೋದರೆ ಗುಳ್ಳೆ ಎಲ್ಲಿಂದ ಬರಬೇಕು? ಕಿಟ್ಟಿನಲ್ಲಿ ಬಂದಿದ್ದರೆ ಡ್ರಾಯರಿನಲ್ಲಿ ಇರಲಿ.

ಹೈಡ್ರೋಮೀಟರ್ ತಗೊಳ್ಲಾ? ಡೇರಿಯ ಲ್ಯಾಕ್ಟೋಮೀಟರ್ ಆಗಲ್ವಾ?

ಬೇಕೇ ಬೇಕು ಅಂತಿಲ್ಲ. ಆದರೆ ಒಂದೇ ಒಂದು ಸಾಮಾನು ಕೊಳ್ಳುವುದಾದರೆ ಇದನ್ನೇ ಕೊಳ್ಳಿ ಅನ್ನುತ್ತೇನೆ. ಸಕ್ಕರೆ ನೀರು ಬರೀ ನೀರಿಗಿಂತ ದಪ್ಪ, ಹಾಗಾಗಿ ಅದರಲ್ಲಿ ಬಿಟ್ಟ ಮೀಟರ್ ಎತ್ತರದಲ್ಲಿ ತೇಲುತ್ತದೆ. ಸಕ್ಕರೆ ಕರಗಿ ಆಲ್ಕೋಹಾಲ್ ಆದಂತೆ ಅದು ಮುಳುಗುತ್ತಾ ಬರುತ್ತದೆ. ಮೊದಲ ಅಂಕಿಯಲ್ಲಿ ಆಮೇಲಿನದನ್ನು ಕಳೆದು 131ರಿಂದ ಗುಣಿಸಿದರೆ ಆಲ್ಕೋಹಾಲ್ ಎಷ್ಟು ಪರ್ಸೆಂಟ್ ಅಂತ ಸಿಗುತ್ತದೆ. ಬರೀ ನೀರಿಗೆ ಮೀಟರ್ 1.000 ತೋರಿಸುತ್ತದೆ, ನಮ್ಮ ಅಳತೆ 1.030ರ ಹತ್ತಿರ ಶುರುವಾಗುತ್ತದೆ. 1.026ಕ್ಕೆ ಇಳಿದರೆ 0.004 ಗುಣಿಸು 131, ಅಂದರೆ ಸುಮಾರು ಅರ್ಧ ಪರ್ಸೆಂಟ್. ಅಲ್ಲಿಗೆ ನಿಲ್ಲಿಸಬೇಕು.

ಓದುವಾಗ ಒಂದು ಸೂಕ್ಷ್ಮ ಇದೆ. ಗುಳ್ಳೆಗಳು ಮೀಟರಿನ ಮೈಗೆ ಅಂಟಿ ಅದನ್ನು ಮೇಲಕ್ಕೆತ್ತುತ್ತವೆ, ಅಂಕಿ ಜಾಸ್ತಿ ತೋರಿಸುತ್ತದೆ. ಎರಡು ಲೋಟದ ನಡುವೆ ಕಾಫಿ ಆರಿಸುವ ಹಾಗೆ ನಾಲ್ಕಾರು ಸಲ ಎತ್ತಿ ಹೊಯ್ದು ಗ್ಯಾಸ್ ಬಿಡಿಸಿ. ಆಮೇಲೆ ಮೀಟರನ್ನು ಬುಗುರಿ ಥರ ತಿರುಗಿಸಿ ಬಿಟ್ಟು ಓದಿ.

ಲ್ಯಾಕ್ಟೋಮೀಟರೂ ಇದೇ ತತ್ವದ್ದೇ. ಅಂಕಿ ಇರುವ ಲ್ಯಾಕ್ಟೋಮೀಟರಿನಲ್ಲಿ 30 ಅಂದರೆ 1.030, ಹಾಗಾಗಿ 30ರಿಂದ 26ಕ್ಕೆ ಇಳಿಯುವುದು ಅಂದಾಜಿಗೆ ಕಾಣುತ್ತದೆ. ಮೀಟರಿನ ಮೇಲೆ ಬರೆದಿರುವ ಉಷ್ಣತೆಯಲ್ಲೇ ಓದಬೇಕು. ಅಂಕಿ ಇಲ್ಲದೆ ನೀರು, ಹಾಲು ಅಂತ ಎರಡು ಗುರುತು ಮಾತ್ರ ಇರುವ ಅಗ್ಗದ್ದು ಕೆಲಸಕ್ಕೆ ಬಾರದು. ಡೇರಿಯದ್ದನ್ನಂತೂ ಡೇರಿಯಲ್ಲೇ ಬಿಡಿ, ಸೆಕ್ರೆಟರಿ ಹತ್ತಿರ ಬೈಸಿಕೊಳ್ಳಬೇಡಿ.

ಥರ್ಮಾಮೀಟರ್?

ಇದ್ದರೆ ಅನುಕೂಲ. ಹೆಪ್ಪು ಹಾಕುವಾಗ ಶುಂಠಿ ನೀರು 30 ಡಿಗ್ರಿ ಒಳಗಿರಬೇಕು. ಪಾತ್ರೆ ಹೊರಗಿನಿಂದ ಮುಟ್ಟಿದರೆ ತಣ್ಣಗಿದ್ದರೆ ಸಾಕು, ಮೊಸರಿಗೆ ಹೆಪ್ಪು ಹಾಕುವ ಉಗುರುಬೆಚ್ಚಗೂ ಬೇಡ.

ಕೊಂಡವರು ಸರಿ ಇದೆಯೋ ಅಂತ ಕುದಿಯುವ ನೀರಿನಲ್ಲಿ ಅದ್ದಿ ನೋಡುತ್ತಾರೆ, 97 ತೋರಿಸಿತು ಅಂತ ವಾಪಸ್ ಕಳಿಸುತ್ತಾರೆ. ಅದು ಸರಿಯಾಗೇ ಇದೆ. ಹಾಸನ ಸಮುದ್ರಮಟ್ಟದಿಂದ ಸಾವಿರ ಮೀಟರಿಗೆ ಸ್ವಲ್ಪವೇ ಕಡಿಮೆ, ಚಿಕ್ಕಮಗಳೂರು ಇನ್ನೂ ಎತ್ತರ. ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿ ಲೆಕ್ಕದಲ್ಲಿ ಇಲ್ಲಿ ನೀರು 97ರ ಆಸುಪಾಸಿನಲ್ಲೇ ಕುದಿಯುತ್ತದೆ.

ತೊಳೆಯೋದಕ್ಕೆ ವಿಶೇಷ ಕೆಮಿಕಲ್ ಬೇಕಾ?

ಸಣ್ಣ ಪ್ರಮಾಣಕ್ಕೆ ಬೇಡ. ಆದರೆ ಎರಡು ಕೆಲಸ ಬೇರೆ ಬೇರೆ ಅಂತ ತಿಳಿದಿರಲಿ: ಮೊದಲು ಕೊಳೆ ತೆಗೆಯಬೇಕು, ಆಮೇಲೆ ಸೂಕ್ಷ್ಮಾಣು ಕೊಲ್ಲಬೇಕು. ಬ್ರಷ್ ಹಾಕಿ ಉಜ್ಜದೆ ಬರೀ ಬಿಸಿನೀರು ಹೊಯ್ದರೆ ತಳದ ಪಾಚಿ ಹಾಗೇ ಕೂತಿರುತ್ತದೆ. ಸೋಪಿನ ವಾಸನೆ ಉಳಿಯದ ಹಾಗೆ ತೊಳೆದು, ಸ್ಟೀಲು ಮತ್ತು ಬಟ್ಟೆಯನ್ನು ಕುದಿಸಿ. ಗಾಜನ್ನು ತಣ್ಣೀರಿನಲ್ಲಿ ಇಟ್ಟೇ ನಿಧಾನ ಕಾಯಿಸಿ, ಇಲ್ಲದಿದ್ದರೆ ಸೀಳುತ್ತದೆ. ಸೋಡಾ ಬಾಟಲಿಗೆ ಕುದಿನೀರು ಹಾಕಿದರೆ ಮುದುಡಿ ಹೋಗುತ್ತದೆ. ಅದನ್ನು ಖಾಲಿಯಾದ ತಕ್ಷಣ ತೊಳೆದು ಒಣಗಿಸಿ. ಒಳಗೆ ಗೀರು ಬಿದ್ದರೆ, ವಾಸನೆ ಬಂದರೆ ಎಸೆಯಿರಿ. ಜಾಸ್ತಿ ಮಾಡುವವರು ಆನ್‌ಲೈನ್‌ನಲ್ಲಿ ಸಿಗುವ, ಆಹಾರದ ಪಾತ್ರೆಗೆಂದೇ ಇರುವ ಸ್ಯಾನಿಟೈಜರ್ ತರಿಸಿಕೊಳ್ಳಬಹುದು.

ಹಸು ಸಾಕಿದವರು ಒಬ್ಬರು ಕೇಳಿದ್ದರು, ಹಾಲು ಕರೆದ ಮೇಲೆ ಕೆಚ್ಚಲಿನ ತೊಟ್ಟು ಅದ್ದುವ ಅಯೋಡಿನ್ ದ್ರಾವಣ ಆಗುತ್ತಾ ಅಂತ. ಬಿಯರ್ ಮಾಡುವವರೂ ಅಯೋಡಿನ್ ಬಳಸುವುದು ಉಂಟು. ಆದರೆ ತೊಟ್ಟಿಗೆ ಹಾಕುವುದರಲ್ಲಿ ಚರ್ಮ ಒಡೆಯದಿರಲಿ ಅಂತ ಗ್ಲಿಸರಿನ್‌ನಂಥದ್ದು ಸೇರಿಸಿರುತ್ತಾರೆ. ಅದು ಬಾಟಲಿಗೆ ಬೇಡ.

ಚಳಿಗಾಲದಲ್ಲಿ ಎಲ್ಲಿಡಬೇಕು? ಹೀಟಿಂಗ್ ಬೆಲ್ಟ್ ತರಿಸ್ಲಾ?

ಬೇಡ. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ರಾತ್ರಿ ಚಳಿಗೆ ಹುದುಗು ನಿಧಾನ ಆಗುತ್ತದೆ, ಎರಡು ದಿನದ್ದು ನಾಲ್ಕು ದಿನ ಹಿಡಿಯಬಹುದು. ಹಳೇ ಮನೆಯವರಿಗೆ ಬಚ್ಚಲು ಒಲೆ ಹಂಡೆಯ ಪಕ್ಕದ ಗೋಡೆ ಬದಿ ಇದೆ. ಉಳಿದವರು ಕಂಬಳಿ ಸುತ್ತಿಡಿ. ಬೇಸಿಗೆಯದ್ದೇ ಕಷ್ಟ. ಮಾರ್ಚ್, ಏಪ್ರಿಲಿನಲ್ಲಿ ಬೆಳಿಗ್ಗೆ ತುಂಬಿದ್ದು ಮರುದಿನ ಮಧ್ಯಾಹ್ನಕ್ಕೇ ಗಟ್ಟಿಯಾಗಿರುತ್ತದೆ. ಬಾಟಲಿ ತುಂಬಿ ಮದುವೆಗೆ ಅಂತ ಊರಿಗೆ ಹೊರಡಬೇಡಿ.

ಕ್ಯಾಪ್ ಹಾಕುವ ಮೆಷಿನ್, ಕೆಗ್, ಪಿಎಚ್ ಪೇಪರ್?

ಕೆಗ್, ಅಂದರೆ ಬಿಯರ್ ತುಂಬಿಡುವ ಲೋಹದ ಪೀಪಾಯಿ, ಬರೀ ಶೋಕಿ. ಕ್ಯಾಪ್ ಮೆಷಿನ್ ನಮ್ಮ ಕೆಲಸಕ್ಕೆ ಅಪಾಯವೇ, ಒಮ್ಮೆ ಒತ್ತಿದ ಮೇಲೆ ಗ್ಯಾಸ್ ಬಿಡಲು ದಾರಿ ಇಲ್ಲ. ಹುಳಿ ಎಷ್ಟಿದೆ ಅಂತ ತೋರಿಸುವ ಪಿಎಚ್ ಪೇಪರ್ ಅಗ್ಗ, ಇಷ್ಟ ಇದ್ದರೆ ಇಟ್ಟುಕೊಳ್ಳಿ. ಅಡುಗೆಮನೆ ತಕ್ಕಡಿ ಮಾತ್ರ ತಗೊಳ್ಳಿ, ಚಮಚದ ಲೆಕ್ಕದಲ್ಲಿ ಸಕ್ಕರೆ ಒಂದೊಂದು ಸಲ ಒಂದೊಂದು ಥರ ಆಗುತ್ತದೆ.

ಇದೇ ಸಾಮಾನಿನಲ್ಲಿ ನಿಜವಾದ ಬಿಯರ್ ಮಾಡಬಹುದಾ?

ಮೊದಲು ಕಾನೂನು. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ನಾನೊಬ್ಬನೇ ಕುಡಿಯೋದಕ್ಕೆ ಅಂದರೂ ನಡೆಯುವುದಿಲ್ಲ. ಬೆಂಗಳೂರಿನಲ್ಲಿ ಕಾಣುವ ಮೈಕ್ರೋಬ್ರೂವರಿಗಳು ಲೈಸೆನ್ಸ್ ಪಡೆದವು. ಜಿಂಜರ್ ಬಿಯರನ್ನೂ ದಿನಗಟ್ಟಲೆ ಬಿಟ್ಟು ಮತ್ತು ಬರಿಸುವ ಆಟ ಬೇಡ ಅನ್ನುವುದು ಇದಕ್ಕೇ.

ಬೇರೆ ದೇಶದಲ್ಲಿರುವ ನಮ್ಮವರ ಮಾತು ಬೇರೆ. ಬ್ರಿಟನ್ನಿನಲ್ಲಿ ಮನೆ ಬಳಕೆಯ ಬಿಯರಿಗೆ ಲೈಸೆನ್ಸ್ ಬೇಕೆಂಬ ನಿಯಮ 1963ರಲ್ಲಿ ಹೋಯಿತು. ಅಮೆರಿಕದಲ್ಲಿ 1978ರ ಕಾನೂನು ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ತನಕ ಬಿಟ್ಟಿದೆ, ಮಾರುವ ಹಾಗಿಲ್ಲ. ಅಲ್ಲಿ ಮಾಡುವವರಿಗೆ ಸಾಮಾನಿನ ಲೆಕ್ಕವೇ ಬದಲಾಗುತ್ತದೆ. ಒಂದು ಸಲಕ್ಕೆ ಸುಮಾರು 20 ಲೀಟರ್ ಮಾಡುವುದರಿಂದ 30 ಲೀಟರಿನ ಪಾತ್ರೆ ಬೇಕು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು 65-68 ಡಿಗ್ರಿಯ ನೀರಿನಲ್ಲಿ ಒಂದು ಗಂಟೆ ನೆನೆಸಬೇಕು, ಅಲ್ಲಿ ಥರ್ಮಾಮೀಟರ್ ಇಲ್ಲದೆ ಆಗುವುದಿಲ್ಲ. ಹಾಪ್ಸ್ ಹಾಕಿ ಕುದಿಸಿದ್ದನ್ನು ಬೇಗ ತಣಿಸಲು ಸುರುಳಿ ಕೊಳವೆ, ಹುದುಗಲು ಏರ್‌ಲಾಕ್ ಇರುವ ಡಬ್ಬ, ಗಸಿ ಕದಡದೆ ವರ್ಗಾಯಿಸಲು ಸೈಫನ್ ಪೈಪು. ಹೈಡ್ರೋಮೀಟರ್ ಅಲ್ಲಿ ಐಚ್ಛಿಕ ಅಲ್ಲ. ಹುದುಗು ಪೂರ್ತಿ ನಿಂತಿದೆ ಅಂತ ಅಂಕಿಯಲ್ಲಿ ನೋಡದೆ ಯಾರೂ ಬಾಟಲಿಗೆ ತುಂಬುವುದಿಲ್ಲ. ಕ್ಯಾಪ್ ಮೆಷಿನ್ನಿಗೂ ಅಲ್ಲೇ ಅರ್ಥ.

ನಮ್ಮ ಹೋಂಸ್ಟೇನಲ್ಲಿ ಅತಿಥಿಗಳಿಗೆ ಮಾರಬಹುದಾ?

ಸಕಲೇಶಪುರ, ಮೂಡಿಗೆರೆ ಕಡೆಯವರು ಕೇಳುವ ಪ್ರಶ್ನೆ. ಆಹಾರ ಮಾರುವುದಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಇದರಲ್ಲಿ ಆಲ್ಕೋಹಾಲ್ ಗೆರೆ ದಾಟಿಲ್ಲ ಅಂತ ಪ್ರತಿ ಬಾಟಲಿಗೂ ಹೇಳಲು ಮನೆಯ ಹೈಡ್ರೋಮೀಟರ್ ಸಾಲದು, ಲ್ಯಾಬಿನ ಪರೀಕ್ಷೆ ಬೇಕು. ಅಷ್ಟೆಲ್ಲ ತಲೆನೋವು ಬೇಡ ಅನ್ನುವವರು ಕುದಿಸಿದ ಶುಂಠಿ ನಿಂಬೆ ಪಾಕ ಮಾಡಿಟ್ಟು, ಅಂಗಡಿ ಸೋಡಾ ಬೆರೆಸಿ ಕೊಡಿ. ಹುದುಗೂ ಇಲ್ಲ, ಭಯವೂ ಇಲ್ಲ.

ಬಾಟಲಿ ತಳದಲ್ಲಿ ಬಿಳಿ ಗಸಿ ಕೂತಿದೆ. ಕೆಟ್ಟಿದೆಯಾ?

ಅದು ಯೀಸ್ಟ್. ಕೆಟ್ಟಿಲ್ಲ. ಮೇಲೆ ಹಸಿರು, ಕಪ್ಪು ಬಣ್ಣದ ಬೂಸ್ಟು ಕಂಡರೆ ಮಾತ್ರ ಪೂರ್ತಿ ಚೆಲ್ಲಿ. ಬಾಟಲಿ ಒಂದು ರಾತ್ರಿ ಫ್ರಿಡ್ಜಿನಲ್ಲಿ ನೆಟ್ಟಗೆ ನಿಂತಿದ್ದರೆ ಗಸಿ ಗಟ್ಟಿಯಾಗಿ ಕೂರುತ್ತದೆ. ಸಿಂಕಿನ ಮೇಲೆ ಹಿಡಿದು ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿ, ಸುಯ್ ಅಂತ ಗ್ಯಾಸ್ ಹೋಗಲು ಬಿಡಿ, ನೊರೆ ಮೇಲೆ ಬಂದರೆ ಮತ್ತೆ ಬಿಗಿ ಮಾಡಿ. ಎರಡು ಮೂರು ಸಲ ಹೀಗೆ ಮಾಡಿದರೆ ಚೆಲ್ಲುವುದಿಲ್ಲ. ಬಾಟಲಿ ತೆಗೆದ ಮೇಲೆ ಎರಡು ಮೂರು ದಿನದೊಳಗೆ ಮುಗಿಸಿ.